ಎದೆಯ ಮೇಲಿನ ಬೆಳ್ಳಿ ರೆಕ್ಕೆ

ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣದ ಚಿತ್ರ ಕೂಡಿಡುವ ಮಕ್ಕಳು ನಮ್ಮಲ್ಲಿ ಬಹಳ. ಹಾಗೆಯೇ ಸೈನಿಕರ ಬ್ಯಾಡ್ಜುಗಳನ್ನು ಸಂಗ್ರಹಿಸುವವರೂ ಇದ್ದಾರೆ. ಅದರಲ್ಲೂ ವಿಮಾನದಿಂದ ಧುಮುಕುವ ಪ್ಯಾರಾಚೂಟ್ ಯೋಧರ ಹಳೆಯ ರೆಕ್ಕೆಗಳೆಂದರೆ ಅವರಿಗೆ ಪಂಚಪ್ರಾಣ.

ಅಮೆರಿಕದ ರೆಕ್ಕೆಯನ್ನು 1941ರಲ್ಲಿ ರೂಪಿಸಿದವರು ವಿಲಿಯಂ ಯಾರ್‌ಬರೊ ಎಂಬ ಯುವ ಸೇನಾಧಿಕಾರಿ. ನಡುವೆ ಬಿಚ್ಚಿದ ಪ್ಯಾರಾಚೂಟ್. ಇಕ್ಕೆಲಗಳಿಂದ ಮೇಲಕ್ಕೆ ಬಾಗಿ ಅದನ್ನು ಮುಟ್ಟುವ ರೆಕ್ಕೆಗಳು. ಮೊದಲ ಕಂತನ್ನು ತಯಾರಿಸಿದ್ದು ಫಿಲಡೆಲ್ಫಿಯಾದ ಬೈಲಿ, ಬ್ಯಾಂಕ್ಸ್ ಅಂಡ್ ಬಿಡ್ಲ್ ಎಂಬ ಆಭರಣ ಸಂಸ್ಥೆ. ತರಬೇತಿಯಲ್ಲಿ ಐದು ಬಾರಿ ಜಿಗಿದವರಿಗಷ್ಟೇ ಅದು ಒಲಿಯುತ್ತದೆ.

ಬ್ರಿಟಿಷರದು ಬಟ್ಟೆಯ ಮೇಲಿನ ಕಸೂತಿ: ಬಿಳಿ ಪ್ಯಾರಾಚೂಟ್, ತಿಳಿನೀಲಿ ರೆಕ್ಕೆ. ಅದರ ಜಾಗ ಬಲತೋಳು. ಜರ್ಮನಿಯ ವಾಯುಪಡೆ 1936ರಲ್ಲಿ ತಂದ ಬ್ಯಾಡ್ಜಿನಲ್ಲಿ ಪ್ಯಾರಾಚೂಟೇ ಇಲ್ಲ. ಎಲೆಮಾಲೆಯ ನಡುವೆ ಕೆಳಕ್ಕೆರಗುವ ಹದ್ದು ಇದೆ. ಆಕಾರ ನೋಡಿಯೇ ದೇಶ ಹೇಳಬಹುದು.

ಅಸಲಿಯೋ ನಕಲಿಯೋ ಎಂದು ಹೇಳುವುದೇ ಕಷ್ಟ. ಭೂತಗನ್ನಡಿ ಹಿಡಿಯಿರಿ. ಅಚ್ಚೊತ್ತಿ ಮಾಡಿದ ಬ್ಯಾಡ್ಜಿನಲ್ಲಿ ಗರಿಯ ಗೆರೆಗಳು ಚೂಪಾಗಿರುತ್ತವೆ. ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲಿನಲ್ಲಿ ಗೆರೆಗಳು ಮಸುಕು, ಅಲ್ಲಲ್ಲಿ ಸೂಜಿಮೊನೆಯಷ್ಟು ಗುಳಿ. ಬೆನ್ನಿನ ಪಿನ್ನು, ಬೆಳ್ಳಿಯ ಮುದ್ರೆ, ತಯಾರಕರ ಗುರುತನ್ನೂ ನೋಡಬೇಕು.

ಇನ್ನು ನಕ್ಷತ್ರಗಳು. ಅಮೆರಿಕದ 505ನೇ ಪ್ಯಾರಾಚೂಟ್ ರೆಜಿಮೆಂಟ್ 1943ರಲ್ಲಿ ಸಿಸಿಲಿ ಮತ್ತು ಸಲೆರ್ನೊ, 1944ರಲ್ಲಿ ನಾರ್ಮಂಡಿ ಮತ್ತು ಹಾಲೆಂಡಿನ ಯುದ್ಧಭೂಮಿಗೆ ಜಿಗಿಯಿತು. ಯೋಧರು ಒಂದೊಂದು ಜಿಗಿತಕ್ಕೆ ಒಂದೊಂದು ನಕ್ಷತ್ರವನ್ನು ತಾವೇ ಕೂಡಿಸಿಕೊಂಡರು. ಸೇನೆ ಅದಕ್ಕೆ ಅಧಿಕೃತ ಮುದ್ರೆ ಒತ್ತಿದ್ದು 1983ರಲ್ಲಿ! ಆದರೆ ನಕ್ಷತ್ರ ಬೆಸೆಯುವುದು ಮೋಸಗಾರನಿಗೂ ಸುಲಭ. ಆದ್ದರಿಂದ ಬ್ಯಾಡ್ಜಿನ ಜೊತೆ ಬಂದ ಪತ್ರ, ಫೋಟೊ, ಸೇವಾ ದಾಖಲೆಗಳೇ ನಿಜವಾದ ಸಾಕ್ಷಿ.

ಈ ಕಥೆ ನಮಗೂ ಸೇರಿದ್ದು. 1941ರಲ್ಲಿ ದೆಹಲಿಯಲ್ಲಿ 50ನೇ ಭಾರತೀಯ ಪ್ಯಾರಾಚೂಟ್ ಬ್ರಿಗೇಡ್ ಹುಟ್ಟಿತು. ಮೊದಲು ಜಿಗಿದ ಭಾರತೀಯ ಯೋಧರಲ್ಲಿ ಎ.ಜಿ. ರಂಗರಾಜ್ ಎಂಬ ಸೇನಾ ವೈದ್ಯರೂ ಒಬ್ಬರು. ಈಗ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದು ಬೆಂಗಳೂರಿನಲ್ಲೇ.

ಮಕ್ಕಳೇ, ಮನೆಯ ಹಳೆಯ ಟ್ರಂಕಿನಲ್ಲಿ ಅಜ್ಜನ ಬ್ಯಾಡ್ಜು ಸಿಕ್ಕರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಕಪ್ಪಿನೊಂದಿಗೆ ಅದರ ವಯಸ್ಸಿನ ಗುರುತೂ ಅಳಿಸೀತು. ಅಂಗಿಗೆ ಸಿಕ್ಕಿಸಿಕೊಳ್ಳಲೂ ಬೇಡಿ. ಅದು ಜಿಗಿದವರ ಸೊತ್ತು. ಯಾರದು, ಯಾವ ದಳ, ಯಾವ ವರ್ಷ ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ತಂದೆ ತಾಯಿಯರೂ ಜೊತೆಗೆ ಕೂರಲಿ. ಹೇಳುವವರು ಇರುವಾಗಲೇ ಕೇಳಬೇಕು. ಹೆಸರು ಕಳೆದುಕೊಂಡ ಮೇಲೆ ಅದು ಬರೀ ಬೆಳ್ಳಿಯ ಚೂರು.