ಬಾಟಲಿಯ ಮೇಲಿನ ಗೆರೆ

ಮಗುವಿಗೆ ಟೈಫಾಯಿಡ್. ಡಾಕ್ಟರು ಸೆಫಿಕ್ಸಿಮ್ ಡ್ರೈ ಸಿರಪ್ ಬರೆದುಕೊಟ್ಟಿದ್ದಾರೆ. ಮನೆಗೆ ತಂದು ನೋಡಿದರೆ ಬಾಟಲಿಯ ತಳದಲ್ಲಿ ಹಿಡಿಯಷ್ಟು ಪುಡಿ, ಹೊರಗೆ ಲೇಬಲ್ಲಿನ ಮೇಲೊಂದು ಸಣ್ಣ ಗೆರೆ. ಇಡೀ ಚಿಕಿತ್ಸೆಯ ಲೆಕ್ಕ ಆ ಗೆರೆಯಲ್ಲಿದೆ. ನೀರು ಗೆರೆ ದಾಟಿದರೆ ಔಷಧ ತೆಳುವಾಗಿ ಪ್ರತಿ ಗುಟುಕಿನಲ್ಲೂ ಪ್ರಮಾಣ ಕಡಿಮೆ. ಗೆರೆ ಮುಟ್ಟದಿದ್ದರೆ ಹೆಚ್ಚು.

ಕುದಿಸಿ, ಪೂರ್ತಿ ಆರಿಸಿದ ನೀರು ಬೇಕು. ಕೆಲವು ಕಂಪನಿಯವರು ಶುದ್ಧ ನೀರಿನ ಪುಟ್ಟ ಸೀಸೆಯನ್ನೂ ಜೊತೆಗಿಟ್ಟಿರುತ್ತಾರೆ. ಮೊದಲು ಬಾಟಲಿಯನ್ನು ಬುಡಮೇಲು ಮಾಡಿ ಅಂಗೈಗೆ ತಟ್ಟಿ, ತಳಕ್ಕಂಟಿದ ಪುಡಿಯನ್ನು ಸಡಿಲಿಸಿಕೊಳ್ಳಿ. ಅರ್ಧದಷ್ಟು ನೀರು ಹಾಕಿ ಚೆನ್ನಾಗಿ ಕುಲುಕಿ. ನೊರೆ ಇಳಿಯುವ ತನಕ ಕಾದು, ಆಮೇಲೆ ಗೆರೆಯವರೆಗೆ ತುಂಬಿಸಿ ಮತ್ತೆ ಕುಲುಕಿ. ನೊರೆಯನ್ನೇ ನೀರೆಂದು ತಿಳಿದು ಗೆರೆಗೆ ನಿಲ್ಲಿಸಿಬಿಡುವುದು ಎಲ್ಲರೂ ಮಾಡುವ ತಪ್ಪು. ಕಲಸಿದ ದಿನಾಂಕವನ್ನು ಲೇಬಲ್ಲಿನ ಮೇಲೆ ಬರೆದಿಡಿ. ಅದರಲ್ಲಿ ಹೇಳಿದಷ್ಟು ದಿನ ಕಳೆದ ಮೇಲೆ ಉಳಿದದ್ದು ಬಳಕೆಗೆ ಬಾರದು.

ಇನ್ನೊಂದು ಮಾತು. 5 ಎಂ.ಎಲ್.ಗೆ 50 ಮಿಲಿಗ್ರಾಂ ಇರುವ ಬಾಟಲಿಯೂ ಅಂಗಡಿಯಲ್ಲಿ ಸಿಗುತ್ತದೆ, 100 ಮಿಲಿಗ್ರಾಂ ಇರುವುದೂ ಸಿಗುತ್ತದೆ. ಹಾಗಾಗಿ 'ಒಂದು ಚಮಚ' ಎಂದರೆ ಅಳತೆಯಲ್ಲ. ಅಡುಗೆಮನೆಯ ಸ್ಟೀಲ್ ಚಮಚವಂತೂ ಮನೆಗೊಂದು ಗಾತ್ರ. ಜೊತೆಗೆ ಬಂದ ಅಳತೆಯ ಮುಚ್ಚಳ, ಇಲ್ಲವೇ ಸೂಜಿಯಿಲ್ಲದ ಸಿರಿಂಜನ್ನೇ ಬಳಸಬೇಕು.

ಈ ಔಷಧದ ವಂಶ ಶುರುವಾದದ್ದೇ ಟೈಫಾಯಿಡ್‌ ಚಿಂತೆಯಿಂದ. ಇಟಲಿಯ ಸಾರ್ಡೀನಿಯ ದ್ವೀಪದ ಕಾಲಿಯರಿ ಊರಿನಲ್ಲಿ 1945ರಲ್ಲಿ ಜುಸೆಪ್ಪೆ ಬ್ರೋಟ್ಸು ಎಂಬ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕರು, ಊರ ಚರಂಡಿ ಸಮುದ್ರ ಸೇರುವ ಜಾಗದ ನೀರನ್ನು ಪರೀಕ್ಷಿಸುತ್ತಿದ್ದರು. ಅಷ್ಟು ಕೊಳೆ ಬಂದು ಬಿದ್ದರೂ ಅಲ್ಲಿನ ನೀರು ತನ್ನನ್ನು ತಾನೇ ಶುದ್ಧಮಾಡಿಕೊಳ್ಳುವುದು ಹೇಗೆ ಎಂಬುದು ಅವರ ಪ್ರಶ್ನೆ. ಅಲ್ಲಿ ಸಿಕ್ಕಿದ್ದು ಸೆಫಲೊಸ್ಪೋರಿಯಂ ಎಂಬ ಬೂಷ್ಟು. ಅದರ ರಸ ಟೈಫಾಯಿಡ್ ರೋಗಾಣುವಿನ ಬೆಳವಣಿಗೆಯನ್ನು ತಡೆಯುತ್ತಿತ್ತು. 1948ರಲ್ಲಿ ಅವರು ಆ ಬೂಷ್ಟನ್ನು ಆಕ್ಸ್‌ಫರ್ಡಿಗೆ ಕಳಿಸಿದರು. ಎಡ್ವರ್ಡ್ ಅಬ್ರಹಾಂ ಮತ್ತು ಗೈ ನ್ಯೂಟನ್ ಅದರಿಂದ ಸೆಫಲೊಸ್ಪೋರಿನ್ ಸಿ ಎಂಬ ವಸ್ತುವನ್ನು ಬೇರ್ಪಡಿಸಿದರು. ಇಂದಿನ ಸೆಫಿಕ್ಸಿಮ್, ಸೆಫುರಾಕ್ಸಿಮ್, ಸೆಫ್‌ಟ್ರಯಾಕ್ಸೋನ್ ಎಲ್ಲವೂ ಆ ಸೆಫಲೊಸ್ಪೋರಿನ್ ಬಳ್ಳಿಯ ಕಾಯಿಗಳೇ.

ಬ್ಯಾಕ್ಟೀರಿಯಾಕ್ಕೆ ಹೊರಗೊಂದು ಗೋಡೆಯಿದೆ. ಅದು ಬೆಳೆಯುವಾಗಲೆಲ್ಲ ಗೋಡೆಯ ಎಳೆಗಳನ್ನು ಅಡ್ಡಡ್ಡ ಹೆಣೆಯುತ್ತಿರಬೇಕು. ಹೆಣೆಯುವ ಕಿಣ್ವಕ್ಕೇ ಸೆಫಲೊಸ್ಪೋರಿನ್ ಅಂಟಿಕೊಂಡು ಕೆಲಸ ಕೆಡಿಸುತ್ತದೆ. ಗೋಡೆ ಸಡಿಲವಾಗಿ ರೋಗಾಣು ಒಡೆದುಹೋಗುತ್ತದೆ. ನಮ್ಮ ಜೀವಕೋಶಕ್ಕೆ ಅಂಥ ಗೋಡೆಯಿಲ್ಲ, ಹಾಗಾಗಿ ನಮಗೆ ಪೆಟ್ಟು ಕಡಿಮೆ. ವೈರಸ್ಸಿಗೂ ಗೋಡೆಯಿಲ್ಲ. ನೆಗಡಿ, ಡೆಂಗಿಗೆ ಈ ಔಷಧ ನುಂಗಿದರೆ ಏಟು ಬೀಳುವುದು ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ.

ಈ ಬಳಗದ ಔಷಧಗಳಿಗಿರುವ ಮೊದಲ ಪೀಳಿಗೆ, ಮೂರನೆಯ ಪೀಳಿಗೆ ಎಂಬ ಹೆಸರು ಕೇಳಿ, ಸಂಖ್ಯೆ ಏರಿದಂತೆ ಔಷಧ ಜೋರು ಎಂದು ಜನ ನಂಬುತ್ತಾರೆ. ಹಾಗಲ್ಲ. ಟೈಫಾಯಿಡ್‌ಗೆ ಒದಗುವ ಸೆಫಿಕ್ಸಿಮ್ ಮೂರನೆಯ ಪೀಳಿಗೆಯದು, ಆದರೆ ಕುರು ಎಬ್ಬಿಸುವ ಸ್ಟ್ಯಾಫಿಲೊಕಾಕಸ್ ಎದುರು ಅದು ದುರ್ಬಲ; ಅಲ್ಲಿ ಮೊದಲ ಪೀಳಿಗೆಯ ಹಳೆಯ ಸೆಫಲೆಕ್ಸಿನ್ನೇ ವಾಸಿ. ಮಗನ ಜ್ವರಕ್ಕೆ ತಂದು ಮಿಕ್ಕ ಮಾತ್ರೆಯನ್ನು ಅಪ್ಪನ ಕುರುವಿಗೆ ಕೊಡುವುದು ಏಕೆ ತಪ್ಪು ಎಂಬುದಕ್ಕೆ ಇಷ್ಟು ಸಾಕು.

ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ತೆಗೆದುಕೊಂಡಾಗ ಹಿಂದೆಂದಾದರೂ ಮೈಯೆಲ್ಲ ದದ್ದು ಎದ್ದಿದ್ದರೆ, ಮುಖ ಊದಿ ಉಸಿರು ಕಟ್ಟಿದ್ದರೆ, ಡಾಕ್ಟರು ಚೀಟಿ ಬರೆಯುವ ಮೊದಲೇ ಹೇಳಬೇಕು. ಅಂಥವರಲ್ಲಿ ಶೇ. 10ರಷ್ಟು ಮಂದಿಗೆ ಸೆಫಲೊಸ್ಪೋರಿನ್ ಕೂಡ ಆಗಿಬರುವುದಿಲ್ಲ ಎಂದು ಹಿಂದೆ ಹೇಳುತ್ತಿದ್ದರು. ಈಗ ಆ ಲೆಕ್ಕ ಶೇ. 2ರ ಆಸುಪಾಸಿಗೆ ಇಳಿದಿದೆ. ಆದರೂ ಸೆಫಲೆಕ್ಸಿನ್‌ನಂಥ ಕೆಲವು, ರಚನೆಯಲ್ಲಿ ಪೆನಿಸಿಲಿನ್ ಬಳಗವನ್ನು ಹೆಚ್ಚು ಹೋಲುತ್ತವೆ. ಯಾವುದು ಸುರಕ್ಷಿತ ಎಂದು ಆರಿಸುವುದು ಡಾಕ್ಟರ ಕೆಲಸ. ಕಿಡ್ನಿ ತೊಂದರೆಯಿದ್ದರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ.

ನಮ್ಮಲ್ಲಿ ಆಂಟಿಬಯೋಟಿಕ್ ಎಂದರೆ ಜೊತೆಗೊಂದು ಗ್ಯಾಸ್ ಮಾತ್ರೆ ಇರಲೇಬೇಕು ಎಂಬ ರೂಢಿ ಬೆಳೆದಿದೆ. ಸೆಫುರಾಕ್ಸಿಮ್, ಸೆಫ್ಪೊಡಾಕ್ಸಿಮ್ ಮಾತ್ರೆಗಳು ಮೈಗೆ ಹತ್ತಲು ಹೊಟ್ಟೆಯ ಆಮ್ಲ ಬೇಕು. ಊಟದ ಜೊತೆ ಚೆನ್ನಾಗಿ ಹತ್ತುತ್ತವೆ, ಆಮ್ಲ ತಗ್ಗಿಸುವ ಮಾತ್ರೆಯ ಜೊತೆ ಸರಿಯಾಗಿ ಹತ್ತುವುದಿಲ್ಲ. ಗ್ಯಾಸ್ ಮಾತ್ರೆ ನಿಜಕ್ಕೂ ಬೇಕೇ ಎಂದು ಒಮ್ಮೆ ಕೇಳಿ. ಸೆಫಿಕ್ಸಿಮ್‌ಗೆ ಊಟದ ಹಂಗಿಲ್ಲ.

ಒಂದು ಹೊತ್ತಿನ ಔಷಧ ಮರೆತರೆ ನೆನಪಾದ ಕೂಡಲೇ ಕೊಡಿ. ಮುಂದಿನದರ ವೇಳೆ ಹತ್ತಿರ ಬಂದಿದ್ದರೆ ಬಿಟ್ಟುಬಿಡಿ. ಎರಡನ್ನೂ ಒಟ್ಟಿಗೆ ಕೊಡಬೇಡಿ. ಮಲ ಸ್ವಲ್ಪ ತೆಳುವಾಗುವುದು ಸಾಮಾನ್ಯ. ನೀರಿನಂತೆ ಪದೇ ಪದೇ ಭೇದಿಯಾದರೆ, ಇಲ್ಲವೇ ಅದರಲ್ಲಿ ರಕ್ತ ಕಂಡರೆ ತಕ್ಷಣ ಡಾಕ್ಟರ ಬಳಿ ಹೋಗಬೇಕು. ಔಷಧ ನಿಲ್ಲಿಸಿ ವಾರಗಳಾದ ಮೇಲೂ ಇಂಥ ಭೇದಿ ಬರಬಹುದು.

ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ 2016ರಿಂದ ಸೆಫ್‌ಟ್ರಯಾಕ್ಸೋನ್‌ಗೂ ಬಗ್ಗದ ಟೈಫಾಯಿಡ್ ಹರಡಿತು. ಬೇಕಾಬಿಟ್ಟಿ ಬಳಕೆಯಿಂದ ಔಷಧ ಹೀಗೆ ಸೋಲದಿರಲೆಂದೇ ನಮ್ಮಲ್ಲಿ 2014ರ ಮಾರ್ಚಿನಿಂದ ಸೆಫಿಕ್ಸಿಮ್‌ನಂಥ ಔಷಧಗಳು ಶೆಡ್ಯೂಲ್ ಎಚ್1 ಎಂಬ ಪಟ್ಟಿಗೆ ಸೇರಿವೆ. ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು. ಇನ್ನು ವಿಡಾಲ್ ಎಂಬ ರಕ್ತಪರೀಕ್ಷೆಯೊಂದನ್ನೇ ನಂಬಿ ಟೈಫಾಯಿಡ್ ಎನ್ನುವ ಅಭ್ಯಾಸ ನನಗೆ ನಿಜಕ್ಕೂ ಕಳವಳ ತರುತ್ತದೆ. ಮೊದಲ ಗುಟುಕಿಗೆ ಮುಂಚೆ ಬ್ಲಡ್ ಕಲ್ಚರ್‌ಗೆ ರಕ್ತ ಕೊಟ್ಟರೆ ರೋಗಾಣು ಯಾವುದು, ಯಾವ ಔಷಧಕ್ಕೆ ಬಗ್ಗುತ್ತದೆ ಎರಡೂ ತಿಳಿಯುವ ಸಾಧ್ಯತೆ ಹೆಚ್ಚು.

ಟೈಫಾಯಿಡ್ ಜ್ವರ ಸರಿಯಾದ ಔಷಧಕ್ಕೂ ನಿಧಾನವಾಗಿಯೇ ಇಳಿಯುತ್ತದೆ: ನಾಲ್ಕೈದು ದಿನ, ಒಮ್ಮೊಮ್ಮೆ ವಾರ. ಮೂರನೆಯ ದಿನಕ್ಕೇ ಕಂಗಾಲಾಗಿ ಬೇರೆ ಕ್ಲಿನಿಕ್ಕಿಗೆ ಓಡಿ ಹೊಸ ಔಷಧ ಸೇರಿಸಿಕೊಂಡು ಬರುವವರಿದ್ದಾರೆ. ಜ್ವರ ಬಿಟ್ಟ ದಿನವೇ ಬಾಟಲಿ ಮುಚ್ಚಿಡುವವರೂ ಇದ್ದಾರೆ, ಅವರ ಮನೆಯಲ್ಲಿ ಕಾಯಿಲೆ ಮರುಕಳಿಸುವುದುಂಟು. ಆರು ಗಂಟೆಗೊಮ್ಮೆ ಜ್ವರ ನೋಡಿ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡಿ. ಹೊಟ್ಟೆ ಬಿಗಿದು ತೀವ್ರ ನೋವು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ. ಅದಿಲ್ಲದೆ ಐದನೆಯ ದಿನವೂ ಜ್ವರ ಇಳಿಮುಖವಾಗದಿದ್ದರೆ, ಬರೆದಿಟ್ಟ ಆ ಅಂಕಿಗಳನ್ನೂ ಬಾಟಲಿಯನ್ನೂ ಹಿಡಿದು ಔಷಧ ಕೊಟ್ಟ ಡಾಕ್ಟರ ಹತ್ತಿರವೇ ಹೋಗಿ.