ಹೊರಗಿನವರಿಂದ ತಂತ್ರಾಂಶ ಬರೆಯಿಸುವಲ್ಲಿ ಒಪ್ಪಿಸಿದವರ ಹೊಣೆ

ಹರಿಹರದ ಮಗ್ಗುಲಿನ ಗುತ್ತೂರಿನ ರೈತನು ತನ್ನ ಗದ್ದೆಯ ಪಹಣಿಯನ್ನು ಪಡೆಯಬೇಕಾದರೆ ಒಂದು ಕಾಲದಲ್ಲಿ ಗ್ರಾಮಲೆಕ್ಕಿಗರ ಬಿಡುವನ್ನೂ ಅವರ ಮನಸ್ಸನ್ನೂ ಕಾದು ನಿಲ್ಲಬೇಕಾಗಿದ್ದಿತು. ಕೈಬರಹದ ವಹಿ ಅವರೊಬ್ಬರ ವಶದಲ್ಲಿರುತ್ತಿತ್ತು. ಇಂದು ಅದೇ ಪಹಣಿಯು ಗಣಕಯಂತ್ರದಿಂದ ಅಚ್ಚಾಗಿ ಕೈಗೆ ಬರುತ್ತದೆ. ಈ ಮಾರ್ಪಾಡನ್ನು ತಂದ ‘ಭೂಮಿ’ ಯೋಜನೆಯ ಹೆಸರನ್ನು ಕೇಳದವರು ನಮ್ಮ ನಾಡಿನಲ್ಲಿ ವಿರಳ. ಆದರೆ ಅದು ಮೊದಲ ಯತ್ನವಲ್ಲವೆಂಬುದೂ, ಹಿಂದಿನ ಯತ್ನವು ಏಕೆ ಫಲಿಸಲಿಲ್ಲವೆಂಬುದೂ ಅಷ್ಟಾಗಿ ಪ್ರಚಾರದಲ್ಲಿಲ್ಲ. ಶಾಲೆ, ಸಹಕಾರ ಸಂಘ, ವಿದ್ಯಾರ್ಥಿನಿಲಯ, ಆಸ್ಪತ್ರೆಗಳೆಲ್ಲ ಹೊರಗಿನ ಸಂಸ್ಥೆಗಳಿಂದ ತಂತ್ರಾಂಶ ಬರೆಯಿಸಿಕೊಳ್ಳುತ್ತಿರುವ ಈ ದಿನಗಳಲ್ಲಿ ಆ ವಿಷಯವನ್ನು ವಿವರವಾಗಿ ತಿಳಿಯುವುದು ಯುಕ್ತ.

ಭೂದಾಖಲೆಗಳನ್ನು ಗಣಕಕ್ಕೆ ಏರಿಸುವ ಕಾರ್ಯವು ಕರ್ನಾಟಕದಲ್ಲಿ 1991ರಲ್ಲಿ ಗುಲ್ಬರ್ಗಾ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. 1996ರ ವೇಳೆಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ದೊರೆತಿತ್ತು. ಆದರೆ ಭೂಮಿಯ ಖಾತೆ ಬದಲಾಗುವುದು ತಾಲ್ಲೂಕು ಕಚೇರಿಯಲ್ಲಿ. ಆ ತಾಲ್ಲೂಕು ಕಚೇರಿಗೆ ಗಣಕಯಂತ್ರವನ್ನು ಒದಗಿಸುವ ಏರ್ಪಾಡೇ ಅದರಲ್ಲಿರಲಿಲ್ಲ. ಒಮ್ಮೆ ತುಂಬಿಸಿದ ಮಾಹಿತಿ ಅಲ್ಲಿಯೇ ಹಳತಾಗುತ್ತ ಹೋಯಿತು. ವಹಿಯಲ್ಲಿ ಮಗನ ಹೆಸರು, ಯಂತ್ರದಲ್ಲಿ ತೀರಿಹೋದ ತಂದೆಯ ಹೆಸರು! ಯಂತ್ರದ ದೋಷ ಇದಲ್ಲ. ದಿನನಿತ್ಯ ಆ ಕೆಲಸವನ್ನು ಮಾಡುವವನನ್ನು ಬಿಟ್ಟು ಯೋಜನೆಯನ್ನು ಹೂಡಿದುದರ ಫಲ.

‘ಭೂಮಿ’ಯನ್ನು ಕೈಗೊಂಡವರು ಈ ತಪ್ಪನ್ನು ತಿದ್ದಿದರು. ತಂತ್ರಾಂಶವನ್ನು ಬರೆದವರು ರಾಷ್ಟ್ರೀಯ ಮಾಹಿತಿ ಕೇಂದ್ರದವರು. ಸುಮಾರು 2 ಕೋಟಿ ಪಹಣಿಗಳನ್ನು ಬೆರಳಚ್ಚಿಸುವ ಕೆಲಸಕ್ಕೆ ಖಾಸಗಿ ಸಂಸ್ಥೆಗಳನ್ನು ಗೊತ್ತುಮಾಡಲಾಯಿತು. ಆದರೆ ಹೊರಗಿನವರು ಬೆರಳಚ್ಚಿಸಿದುದನ್ನು ಮುದ್ರಿಸಿ, ಮೂಲ ವಹಿಯೊಡನೆ ತಾಳೆನೋಡಿ, ಸರಿಯೆಂದು ಒಪ್ಪಬೇಕಾದ ಹೊಣೆ ಗ್ರಾಮಲೆಕ್ಕಿಗರದೂ ಕಂದಾಯ ಇಲಾಖೆಯವರದೂ ಆಗಿ ಉಳಿಯಿತು. ರಾಜ್ಯವನ್ನೆಲ್ಲ ಒಂದೇ ದಿನ ಬದಲಿಸಲು ಹೊರಡಲಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಮೊದಲು ನಡೆಸಿ ನೋಡಿ, ಕಂಡ ಕೊರತೆಗಳನ್ನು ತಿದ್ದಿ, ಉಳಿದ ತಾಲ್ಲೂಕುಗಳಿಗೆ ವಿಸ್ತರಿಸಿದರು. ಒಂದೊಂದು ತಾಲ್ಲೂಕಿನ ದಾಖಲೆ ಶುದ್ಧವಾದ ಮೇಲೆಯೇ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಪ್ರಕಟಿಸಲಾಯಿತು. ಯಂತ್ರದ ಮುಂದೆ ಕೂರುವವನು ಬೆರಳಗುರುತು ನೀಡಿಯೇ ಒಳಹೊಗಬೇಕೆಂದೂ, ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ಇತ್ಯರ್ಥವಾಗಬೇಕೆಂದೂ ವಿಧಿಸಲಾಯಿತು.

ತಂತ್ರಾಂಶ ರಚನೆಯ ಹಳೆಯ ಪದ್ಧತಿಯು ಯಂತ್ರೋದ್ಯಮದಿಂದ ಬಂದುದು. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯನ್ನು ಕಂಡ ಹಿರಿಯರಿಗೆ ಇದು ಸುಲಭವಾಗಿ ಮನವರಿಕೆಯಾಗುತ್ತದೆ. ಲೇತ್ ಯಂತ್ರದ ನಕ್ಷೆ ಮೊದಲು ಪೂರ್ಣವಾಗಿ ಸಿದ್ಧವಾಗಬೇಕು. ಅನಂತರ ಎರಕ, ಅನಂತರ ಕಡೆತ, ಅನಂತರ ಜೋಡಣೆ. ಎರಕ ಹೊಯ್ದ ಮೇಲೆ ನಕ್ಷೆ ತಿದ್ದುವುದು ನಷ್ಟದ ಬಾಬು. ಅಂತೆಯೇ ತಂತ್ರಾಂಶದಲ್ಲಿಯೂ ಬೇಕು-ಬೇಡಗಳನ್ನೆಲ್ಲ ಮೊದಲೇ ಬರೆದು ಸಹಿಹಾಕಿ, ವರ್ಷ ಕಳೆದ ಮೇಲೆ ಫಲವನ್ನು ನೋಡುವುದು ರೂಢಿಯಾಗಿತ್ತು. ಆದರೆ ಲೇತ್ ಯಂತ್ರವನ್ನು ತರಿಸುವವನಿಗೆ ಅದು ಏನು ಮಾಡಬೇಕೆಂಬುದು ಮೊದಲೇ ಗೊತ್ತಿರುತ್ತದೆ. ತಂತ್ರಾಂಶ ತರಿಸುವವನಿಗೆ ತನಗೆ ಬೇಕಾದುದು ಏನೆಂಬುದು ಅದನ್ನು ಕಣ್ಣಾರೆ ಕಂಡ ಮೇಲೆಯೇ ತಿಳಿಯುವುದು ಹೆಚ್ಚು.

ಈ ಕಾರಣದಿಂದ 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಪ್ರಾಂತದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ತಂತ್ರಾಂಶಜ್ಞರು ಸೇರಿ ‘ಅಜೈಲ್’ ಎಂಬ ಹೆಸರಿನ ಘೋಷಣೆಯೊಂದನ್ನು ಹೊರಡಿಸಿದರು. ಚುರುಕು, ಬಾಗುವ ಗುಣ ಎರಡನ್ನೂ ಆ ಮಾತು ಸೂಚಿಸುತ್ತದೆ. ಅವರು ಎತ್ತಿಹಿಡಿದ ನಾಲ್ಕು ಮೌಲ್ಯಗಳಲ್ಲಿ ಒಂದು, ಕರಾರಿನ ಚೌಕಾಶಿಗಿಂತ ಗಿರಾಕಿಯೊಡನೆ ಕೂಡಿ ದುಡಿಯುವುದೇ ಮೇಲೆಂಬುದು. ಈ ಬಗೆಯ ಪದ್ಧತಿಗಳಲ್ಲಿ ಹೆಚ್ಚು ರೂಢಿಯಲ್ಲಿರುವುದು 1995ರಲ್ಲಿ ಜೆಫ್ ಸದರ್ಲೆಂಡ್ ಮತ್ತು ಕೆನ್ ಶ್ವೇಬರ್ ಮಂಡಿಸಿದ ‘ಸ್ಕ್ರಮ್’. ರಗ್ಬಿ ಆಟದಲ್ಲಿ ಆಟಗಾರರು ತೋಳಿಗೆ ತೋಳು ಹೆಣೆದು ಒಂದೇ ಮೈಯಾಗಿ ತಳ್ಳುವುದಕ್ಕೆ ಆ ಹೆಸರು. ಇದರಲ್ಲಿ ಕೆಲಸವನ್ನು ‘ಸ್ಪ್ರಿಂಟ್’ ಎಂಬ ಚಿಕ್ಕ ಅವಧಿಗಳಾಗಿ ಒಡೆಯುತ್ತಾರೆ. ಒಂದು ಅವಧಿ ಒಂದು ತಿಂಗಳನ್ನು ಮೀರದು. ಎರಡು ವಾರ ಸಾಮಾನ್ಯ. ಅದರ ಕೊನೆಯಲ್ಲಿ ತೋರಿಸಬೇಕಾದುದು ವರದಿಯನ್ನಲ್ಲ, ನಡೆಯುವ ತಂತ್ರಾಂಶದ ತುಣುಕನ್ನು. ಮುಂದೆ ಯಾವುದು ಮೊದಲು, ಯಾವುದು ಅನಂತರ ಎಂದು ನಿಶ್ಚಯಿಸುವ ಅಧಿಕಾರ ಒಬ್ಬರದೇ. ಅವರನ್ನು ‘ಪ್ರಾಡಕ್ಟ್ ಓನರ್’ ಎನ್ನುತ್ತಾರೆ. ನಮ್ಮ ಮನೆಮಾತಿನ ‘ಯಜಮಾನ’ ಎಂಬ ಶಬ್ದ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ.

ಯಜಮಾನನು ಯಾರಾಗಬೇಕೆಂಬಲ್ಲಿಯೇ ಹೊರಗಿನವರೊಡನೆ ಮಾಡುವ ಕೆಲಸದ ಅಳಿವು ಉಳಿವು ಇದೆ. ಮನೆ ಕಟ್ಟಿಸುವವನು ಗಾರೆಯವನಿಗೆ ಹಣ ಕೊಟ್ಟು ಊರಿಗೆ ಹೋಗಿಬಿಟ್ಟರೆ ಬಾಗಿಲು ಎಲ್ಲಿ ಕೂರುತ್ತದೆಂಬುದನ್ನು ಗಾರೆಯವನೇ ನಿಶ್ಚಯಿಸುತ್ತಾನೆ. ಶಾಲೆಯೊಂದು ಪ್ರವೇಶ, ಶುಲ್ಕ, ವರ್ಗಾವಣೆ ಪತ್ರಗಳಿಗೆ ತಂತ್ರಾಂಶ ಬರೆಯಿಸುವುದೆಂದು ಇಟ್ಟುಕೊಳ್ಳೋಣ. ಆಡಳಿತ ಮಂಡಲಿಯ ಗಣ್ಯರನ್ನು ಯಜಮಾನರನ್ನಾಗಿ ಮಾಡುವುದು ವಾಡಿಕೆ. ಆದರೆ ಅಣ್ಣತಮ್ಮಂದಿರಿಬ್ಬರು ಓದುತ್ತಿದ್ದರೆ ಶುಲ್ಕದಲ್ಲಿ ಎಷ್ಟು ರಿಯಾಯಿತಿ, ದತ್ತಿಯ ಹಣ ಯಾವ ಖಾತೆಗೆ, ಜನ್ಮದಿನಾಂಕದ ತಿದ್ದುಪಡಿಗೆ ಯಾವ ಆಧಾರ ಬೇಕು ಎಂಬುದೆಲ್ಲ ಗೊತ್ತಿರುವುದು ಕಚೇರಿಯ ಹಿರಿಯ ಗುಮಾಸ್ತರಿಗೆ. ಹದಿನೈದು ದಿನಕ್ಕೊಮ್ಮೆ ಎದುರು ಕುಳಿತು ಇದು ಸರಿ, ಇದು ತಪ್ಪು ಎನ್ನಬಲ್ಲವರು ಅವರೇ. ಆ ಹೊತ್ತಿಗೆ ಅವರ ಬೇರೆ ಕೆಲಸವನ್ನು ಕಡಿಮೆಮಾಡಿ ಕೊಡುವುದು ಆಡಳಿತದ ಕರ್ತವ್ಯ. ಇದನ್ನು ಮಾಡದೆ ಅಜೈಲ್ ಎಂದು ಹೆಸರಿಟ್ಟರೆ ಅದು ಕೊನೆಮುಟ್ಟದ ಕೆಲಸಕ್ಕೆ ಇಟ್ಟ ಅಂದದ ಹೆಸರಾದೀತು.

ಕನ್ನಡದ ವಿಷಯದಲ್ಲಂತೂ ಈ ಎಚ್ಚರ ಇಮ್ಮಡಿಯಾಗಿ ಬೇಕು. ಹಳೆಯ ದಾಖಲೆಗಳು ನುಡಿ ಮೊದಲಾದ ತಂತ್ರಾಂಶಗಳ ಹಿಂದಿನ ಅಕ್ಷರವಿನ್ಯಾಸದಲ್ಲಿದ್ದರೆ ಅವುಗಳನ್ನು ಯುನಿಕೋಡಿಗೆ ಪರಿವರ್ತಿಸದೆ ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವೊತ್ತುಗಳು ಕೆಡುವುದುಂಟು. ಕನ್ನಡ ಬಾರದ ಊರಿನಲ್ಲಿ ಕುಳಿತ ತಂತ್ರಜ್ಞನಿಗೆ ‘ಸೂರ್ಯ’ ಎಂಬ ಹೆಸರು ವಿರೂಪಗೊಂಡುದು ಕಾಣುವ ಬಗೆಯಾದರೂ ಹೇಗೆ? ಮಗುವಿನ ಹೆಸರು ವರ್ಗಾವಣೆ ಪತ್ರದಲ್ಲಿ ತಪ್ಪಾದರೆ ಅದು ಮುಂದೆ ಉದ್ಯೋಗದವರೆಗೂ ಬೆನ್ನುಹತ್ತುತ್ತದೆ. ಆದುದರಿಂದ ಮೊದಲನೆಯ ಅವಧಿಯಲ್ಲಿಯೇ ಶಾಲೆಯ ನೂರಾರು ನಿಜ ಹೆಸರುಗಳನ್ನು ಅಚ್ಚುಹಾಕಿಸಿ ಭಾಷಾ ಅಧ್ಯಾಪಕರು ಓದಿನೋಡತಕ್ಕದ್ದು.

ಹೊರಗಿನವರಿಗೆ ಪೂರ್ಣ ಒಪ್ಪಿಸಿ ಕೆಟ್ಟು, ಕೂಡಿ ಮಾಡಿ ಗೆದ್ದುದಕ್ಕೆ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್.ಬಿ.ಐ.ನ ನಿದರ್ಶನ ಪ್ರಸಿದ್ಧವಾದುದು. ಕಡತಗಳ ನಿರ್ವಹಣೆಗೆಂದು ಖಾಸಗಿ ಸಂಸ್ಥೆಯೊಂದರಿಂದ ಬರೆಯಿಸಿದ ತಂತ್ರಾಂಶದ ಬೇಡಿಕೆಪಟ್ಟಿಯೇ 800 ಪುಟಗಳನ್ನು ಮೀರಿತ್ತು. ಸುಮಾರು 17 ಕೋಟಿ ಡಾಲರ್ ವ್ಯಯವಾಗಿ 2005ರಲ್ಲಿ ಅದನ್ನು ಕೈಬಿಡಲಾಯಿತು. 2006ರಲ್ಲಿ ‘ಸೆಂಟಿನೆಲ್’ ಎಂಬ ಹೆಸರಿನಲ್ಲಿ ಮತ್ತೊಂದು ಸಂಸ್ಥೆಗೆ ಕೆಲಸ ಕೊಟ್ಟರು, ಅದೂ ಕುಂಟಿತು. 2010ರಲ್ಲಿ ಎಫ್.ಬಿ.ಐ. ತಾನೇ ಹೊಣೆ ಹೊತ್ತು, ಚಿಕ್ಕ ತಂಡದೊಡನೆ ಅಜೈಲ್ ಪದ್ಧತಿಯಲ್ಲಿ ನಡೆಸಿ, 2012ರ ಜುಲೈಯಲ್ಲಿ ಅದನ್ನು ಬಳಕೆಗೆ ತಂದಿತು. ಹೊರಗಿನವರನ್ನು ಪೂರ್ಣವಾಗಿ ಬಿಡಲಿಲ್ಲ; ಯಜಮಾನಿಕೆಯನ್ನು ಮಾತ್ರ ಹಿಂದಕ್ಕೆ ಪಡೆಯಿತು.

ಹಣದ ವಿಚಾರ ಕೊಂಚ ತೊಡಕಿನದು. ಸರ್ಕಾರಿ ಕಚೇರಿಗಳು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಕರ್ನಾಟಕ ಅಧಿನಿಯಮದಂತೆ ಟೆಂಡರ್ ಕರೆಯತಕ್ಕವು. ಟೆಂಡರಿಗೆ ನಿಶ್ಚಿತವಾದ ಕೆಲಸ, ನಿಶ್ಚಿತವಾದ ಬೆಲೆ ಬೇಕು. ಅಜೈಲ್ ಪದ್ಧತಿಯಲ್ಲಿ ಕೆಲಸದ ವಿವರ ನಡುವೆ ಬದಲಾಗುತ್ತದೆ. ಖಾಸಗಿ ಶಾಲೆಗಳಿಗೆ ಈ ಕಟ್ಟಿಲ್ಲದಿದ್ದರೂ ದಾನಿಗಳಿಗೆ ಲೆಕ್ಕ ಒಪ್ಪಿಸುವ ಕಟ್ಟು ಇದ್ದೇ ಇದೆ. ಒಟ್ಟು ವೆಚ್ಚಕ್ಕೆ ಮೇಲ್ಮಿತಿ ಹಾಕಿ, ಪ್ರತಿ ಅವಧಿಗೂ ಇಷ್ಟೆಂದು ಗೊತ್ತುಮಾಡಿ, ತೋರಿಸಿದ ತುಣುಕನ್ನು ಯಜಮಾನನು ಒಪ್ಪಿದ ಮೇಲೆ ಹಣ ಕೊಡುವುದು, ಯಾವುದೇ ಅವಧಿಯ ಕೊನೆಯಲ್ಲಿ ಕೆಲಸ ನಿಲ್ಲಿಸುವ ಹಕ್ಕನ್ನು ಉಳಿಸಿಕೊಳ್ಳುವುದು ಒಳ್ಳೆಯ ದಾರಿ. ‘ಮುಗಿಯಿತು’ ಎಂಬ ಮಾತಿಗೆ ಅರ್ಥವೇನೆಂಬುದನ್ನೂ ಮೊದಲೇ ಬರೆದಿಡಬೇಕು. ಬರೆದವನ ಯಂತ್ರದಲ್ಲಿ ನಡೆದರೆ ಮುಗಿದಂತಲ್ಲ.

ಒಡೆತನದ ಮಾತೊಂದು ಉಳಿದಿದೆ. 1957ರ ಕೃತಿಸ್ವಾಮ್ಯ ಅಧಿನಿಯಮದಲ್ಲಿ ಗಣಕದ ತಂತ್ರಾಂಶವು ಸಾಹಿತ್ಯಕೃತಿಗಳ ಸಾಲಿನಲ್ಲಿ ಸೇರಿದೆ. ಕವಿಗಳು ಇದನ್ನು ಕೇಳಿ ನಗಬಹುದು. ನೌಕರನು ಕರ್ತವ್ಯದಲ್ಲಿ ಬರೆದುದು ಸಾಮಾನ್ಯವಾಗಿ ಮಾಲೀಕನಿಗೆ ಸೇರುತ್ತದೆ. ಆದರೆ ಹೊರಗಿನ ಸಂಸ್ಥೆ ಬರೆದುದು, ಹಣ ಕೊಟ್ಟ ಮಾತ್ರಕ್ಕೆ ಖಾಸಗಿ ಶಾಲೆಯ ಸ್ವತ್ತಾಗದು. ಸಹಿಯಾದ ಲಿಖಿತ ಹಸ್ತಾಂತರ ಬೇಕು. ಆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷಕ್ಕೆ ಮಾತ್ರ ಕೊಟ್ಟಂತೆ 19ನೆಯ ಪ್ರಕರಣವು ಭಾವಿಸುತ್ತದೆ. ಹಾಗೆಯೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ಮಾಹಿತಿಯನ್ನು ಹೊರಗಿನವರ ಕೈಯಲ್ಲಿ ಇರಿಸಿದರೂ ಅದರ ಹೊಣೆಯನ್ನು ಇರಿಸಿದವರ ಮೇಲೆಯೇ ಹೊರಿಸುತ್ತದೆ. 18 ವರ್ಷ ತುಂಬದ ಮಕ್ಕಳ ಮಾಹಿತಿಗೆ ತಂದೆತಾಯಿಗಳ ಒಪ್ಪಿಗೆಯನ್ನೂ ಕೇಳುತ್ತದೆ. ಆದಕಾರಣ ಮೂಲ ಬರಹವು ಮೊದಲ ದಿನದಿಂದಲೂ ಶಾಲೆಯ ಹೆಸರಿನ ಖಾತೆಯಲ್ಲಿಯೇ ಶೇಖರವಾಗುತ್ತಿರಬೇಕು. ಗುಪ್ತಪದಗಳು ಮುಖ್ಯೋಪಾಧ್ಯಾಯರ ವಶದಲ್ಲಿರಬೇಕು. ಕೊನೆಯ ಕಂತನ್ನು ಕೊಡುವ ಮುನ್ನ, ಆ ತಂಡಕ್ಕೆ ಸೇರದ ಬೇರೊಬ್ಬ ತಂತ್ರಜ್ಞನನ್ನು ಕರೆಸಿ, ಆ ಬರಹದಿಂದಲೇ ತಂತ್ರಾಂಶವನ್ನು ಹೊಸ ಯಂತ್ರದಲ್ಲಿ ನಡೆಸಿ ತೋರಿಸುವಂತೆ ಹೇಳಬೇಕು. ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಹಳೆಯ ವಿದ್ಯಾರ್ಥಿಗಳಲ್ಲಿ ಈ ಒಂದು ದಿನದ ಕೆಲಸವನ್ನು ಸಂತೋಷದಿಂದ ಮಾಡಿಕೊಡುವವರು ಸಿಕ್ಕಾರು.