ಬ್ರೇಕಿನ ಪೆಡಲು ಮೆತ್ತಗಾದರೆ ಏನು ಮಾಡಬೇಕು?



ಸಂತೆಗೆ ತರಕಾರಿ ಒಯ್ಯಲು, ಮನೆಮಂದಿಯನ್ನು ಜಾತ್ರೆಗೆ ಕರೆದೊಯ್ಯಲು ಹಳೆಯ ಜೀಪನ್ನೋ ಕಾರನ್ನೋ ಕೊಂಡವರು ನಮ್ಮ ಹಳ್ಳಿಗಳಲ್ಲಿ ಹಲವರಿದ್ದಾರೆ. ಎತ್ತು ಕುಂಟಿದರೆ ದೂರದಿಂದಲೇ ಗುರುತಿಸುವ ನಾವು, ಬ್ರೇಕು ಕೊಡುವ ಸೂಚನೆಯನ್ನು ಮಾತ್ರ ಲೆಕ್ಕಿಸುವುದಿಲ್ಲ. ಈಚೆಗೆ ಒಬ್ಬ ರೈತರು, "ಎರಡು ಮೂರು ಸಲ ಒತ್ತಿದರೆ ಹಿಡಿಯುತ್ತದೆ, ಕಡಿಮೆಯಾದಾಗ ಎಣ್ಣೆ ಹಾಕುತ್ತೇನೆ" ಎಂದರು. ಬಗ್ಗಿ ನೋಡಿದೆವು. ಹಿಂದಿನ ಎಡ ಚಕ್ರದ ಒಳಮೈ ಎಣ್ಣೆಯಿಂದ ತೊಯ್ದಿತ್ತು. ಮರುದಿನ ಅವರು ಟೊಮೇಟೊ ಹೇರಿಕೊಂಡು ಇಳಿಜಾರಿನ ದಾರಿಯಲ್ಲಿ ಹೊರಡುವವರಿದ್ದರು.

ಪೆಡಲು ಒತ್ತಿದಾಗ ಮಾಸ್ಟರ್ ಸಿಲಿಂಡರು ಎಣ್ಣೆಯನ್ನು ನೂಕುತ್ತದೆ. ಎಣ್ಣೆ ಅದುಮಿದರೆ ಕುಗ್ಗುವುದಿಲ್ಲ; ಆದ್ದರಿಂದ ಕಾಲಿನ ಒತ್ತಡ ಕೊಳವೆಗಳ ಮೂಲಕ ಚಕ್ರಗಳಿಗೆ ಮುಟ್ಟುತ್ತದೆ. ಗಾಳಿಯಾದರೋ ಕುಗ್ಗುತ್ತದೆ. ಸೈಕಲ್ ಪಂಪಿನ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಒತ್ತಿ ನೋಡಿರಿ, ಹಿಡಿ ಒಳಗಿಳಿದು ಪುಟಿಯುತ್ತದೆ. ಎಣ್ಣೆಯೊಳಗೆ ಗಾಳಿ ಸೇರಿದ ಪೆಡಲೂ ಹಾಗೆಯೇ.

ಪರೀಕ್ಷೆ ಮನೆಯಂಗಳದಲ್ಲೇ ಆಗುತ್ತದೆ. ಎಂಜಿನ್ ನಿಲ್ಲಿಸಿ, ಪೆಡಲನ್ನು ನಾಲ್ಕಾರು ಸಲ ಒತ್ತಿ, ಆಮೇಲೆ ಬಲವಾಗಿ ಒತ್ತಿಹಿಡಿಯಿರಿ. ಪುಟಿದಂತಾದರೆ ಗಾಳಿ ಸೇರಿದೆ. ಹಿಡಿದಂತೆಯೇ ಮೆಲ್ಲನೆ ಕೆಳಗಿಳಿದರೆ ಎಣ್ಣೆ ಎಲ್ಲೋ ಸೋರುತ್ತಿದೆ, ಇಲ್ಲವೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರು ಸವೆದಿದೆ. ಮೊದಲ ಒತ್ತಿಗೆ ತಳಕ್ಕಿಳಿದು, ಮತ್ತೆ ಒತ್ತಿದಾಗ ಮೇಲೆಯೇ ಗಟ್ಟಿಯಾಗಿ ನಿಂತರೆ ಡ್ರಮ್ಮಿನ ಲೈನರು ಸವೆದಿರಬಹುದು, ಅದನ್ನು ಸರಿಹೊಂದಿಸಬೇಕು. ಗಾಡಿ ಒಂದು ಬದಿಗೆ ಎಳೆದರೆ ಒಂದು ಬದಿಯ ಚಕ್ರದಲ್ಲಿ ಬ್ರೇಕು ಸರಿಯಾಗಿ ಹಿಡಿಯುತ್ತಿಲ್ಲ.

ಎಣ್ಣೆ ಇಳಿದಿದ್ದರೆ ಬರಿದೆ ತುಂಬಿಸಬೇಡಿರಿ; ಎಲ್ಲಿ ಹೋಯಿತೆಂದು ಹುಡುಕಿರಿ. ನಾಲ್ಕೂ ಚಕ್ರಗಳ ಒಳಮೈ, ರಬ್ಬರ್ ಕೊಳವೆಗಳು, ಪೆಡಲಿನ ಮೇಲ್ಭಾಗ, ಇವು ಮುಖ್ಯ ಸ್ಥಳಗಳು. ಒಂದೇ ಸಾಲಿನ ಹಳೆಯ ಜೀಪುಗಳಲ್ಲಿ ಒಂದು ಚಕ್ರ ಸೋರಿದರೆ ನಾಲ್ಕಕ್ಕೂ ಬ್ರೇಕು ಹೋಗುತ್ತದೆ.

ಸೋರುವ ಸಿಲಿಂಡರನ್ನು ಬದಲಿಸಬೇಕು. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ, ಅದು ತಪ್ಪು. ಎಡಬಲ ಎರಡೂ ಚಕ್ರಗಳಿಗೆ ಹೊಸದನ್ನೇ ಹಾಕಿಸಿರಿ. ಆ ಪುಡಿಯನ್ನು ಬಾಯಿಂದ ಊದಬೇಡಿರಿ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಅಡಿಗೆ ಹೋಗಬೇಡಿರಿ.

ಬಳಿಕ ಗಾಳಿ ತೆಗೆಯುವ ಕೆಲಸ. ಇದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲು ಒತ್ತಿ ಹಿಡಿದಿರಲಿ; ಇನ್ನೊಬ್ಬರು ಚಕ್ರದ ಗಾಳಿ ತಿರುಪನ್ನು ಸಡಿಲಿಸಿ, ಎಣ್ಣೆ ಬಂದೊಡನೆ ಬಿಗಿಯಲಿ; ಆಮೇಲೆಯೇ ಕಾಲು ಎತ್ತಬೇಕು. ಗುಳ್ಳೆ ಬರುವುದು ನಿಲ್ಲುವವರೆಗೆ ಹೀಗೆ ಮಾಡಬೇಕು. ಮೇಲಿನ ಡಬ್ಬಿ ಬರಿದಾಗಲು ಬಿಟ್ಟರೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಯಾವ ಚಕ್ರ ಮೊದಲು ಎಂಬುದನ್ನು ಗಾಡಿಯ ಪುಸ್ತಕದಲ್ಲಿ ನೋಡಿರಿ. ಎಬಿಎಸ್ ಇರುವ ಹೊಸ ಗಾಡಿಗಳನ್ನು ಮೆಕ್ಯಾನಿಕ್ಕರಿಗೇ ಬಿಡುವುದು ಲೇಸು.

ಎಣ್ಣೆಯ ವಿಷಯ. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುವುದನ್ನೇ ಹಾಕಿರಿ. ಎಂಜಿನ್ ಆಯಿಲ್ ಹಾಕಿದರೆ ರಬ್ಬರು ಉಬ್ಬಿ ಎಲ್ಲವೂ ಕೆಡುತ್ತದೆ. ಈ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಎಣ್ಣೆ ಕುದಿಯಲು 205 ಡಿಗ್ರಿ ಸೆಲ್ಸಿಯಸ್‌ನಷ್ಟಾದರೂ ಶಾಖ ಬೇಕು. ತೇವ ಹೀರಿದ ಮೇಲೆ 140ಕ್ಕೇ ಕುದಿಯಬಹುದು. ಘಟ್ಟ ಇಳಿಯುವಾಗ ಒಂದೇಸಮನೆ ಬ್ರೇಕು ಒತ್ತಿದರೆ ಅಷ್ಟು ಕಾವು ಏರಬಹುದು. ಎಣ್ಣೆ ಆವಿಯಾಗಿ ಪೆಡಲು ಕುಸಿಯುತ್ತದೆ. ಆದ್ದರಿಂದ ಸುಮಾರು ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿರಿ, ಇಳಿಜಾರಿನಲ್ಲಿ ಕೆಳ ಗೇರಿನಲ್ಲಿರಿ.

ದಾರಿಯಲ್ಲೇ ಬ್ರೇಕು ಹೋದರೆ ಪೆಡಲನ್ನು ಬೇಗಬೇಗ ಒತ್ತಿರಿ, ಗೇರು ಇಳಿಸುತ್ತ ಬನ್ನಿರಿ, ಕೈಬ್ರೇಕನ್ನು ಸ್ವಲ್ಪಸ್ವಲ್ಪವೇ ಎಳೆಯಿರಿ. ಹಳೆಯ ಗಾಡಿಗಳಲ್ಲಿ ಅದು ತಂತಿಯಿಂದ ನಡೆಯುವುದರಿಂದ ಎಣ್ಣೆ ಸೋರಿದರೂ ಕೆಲಸಮಾಡುತ್ತದೆ. ಕೀಲಿ ಮಾತ್ರ ತೆಗೆಯಬೇಡಿರಿ.

ಆ ರೈತರ ಟೊಮೇಟೊ ಪಕ್ಕದವರ ಟ್ರಾಕ್ಟರಿನಲ್ಲಿ ಹೋಯಿತು. ಜೀಪನ್ನು ಅವರು ಪೇಟೆಗೆ ಓಡಿಸಲಿಲ್ಲ, ಮೆಕ್ಯಾನಿಕ್ಕರನ್ನೇ ಊರಿಗೆ ಕರೆಸಿದರು.